ತೂಕ ಏರದ ಹಲಗೆಗಳು

ಆ ಮನೆಯಲ್ಲಿ ಎಲ್ಲರೂ ಅವಳನ್ನು ದುರ್ಬೀನಮ್ಮ ಎಂದೇ ಕರೆಯುತ್ತಿದ್ದರು. ಹೆಸರಿಟ್ಟವನು ಗಂಡ. ಮದುವೆಯಾದ ಹೊಸದರಲ್ಲಿ ಅವನು ಪೇಟೆಯಿಂದ ಬಂದು ಚಪ್ಪಲಿ ಬಿಡುವ ಮೊದಲೇ "ಎರಡು ಕಡೆ ಚಹಾ ಕುಡಿದು ಬಂದಿದೀರಿ" ಎಂದಿದ್ದಳಂತೆ. ಅದು ನಿಜವೂ ಆಗಿತ್ತು. ಅಂದಿನಿಂದ ಅವನಿಗೆ ಅವಳು ದುರ್ಬೀನು. ಮಗಳು ಹುಟ್ಟಿದ ಮೇಲೆ ಗೌರವಕ್ಕೊಂದು ಅಮ್ಮ ಸೇರಿಕೊಂಡಿತು. ಈ ನಲವತ್ತು ವರ್ಷಗಳಲ್ಲಿ ಅವಳ ಅನುಮಾನಗಳು ಹತ್ತಕ್ಕೆ ಏಳು ಸುಳ್ಳಾಗಿದ್ದವು. ಆದರೆ ಅನುಮಾನದ ಜನರಿಗೆ ಸುಳ್ಳಾದ ಏಳು ನೆನಪಿರುವುದಿಲ್ಲ, ನಿಜವಾದ ಮೂರು ಮರೆಯುವುದಿಲ್ಲ.

ಗಂಡ ಬಡಗಿ. ಮನೆಯ ಹಿಂದಿನ ಶೆಡ್ಡಿನಲ್ಲಿ ಬಾಗಿಲು, ಕಿಟಕಿ, ಮಂಚ ಮಾಡಿಕೊಂಡು ಬದುಕಿದವನು. ಅವನು ತೀರಿಕೊಂಡು ಎರಡು ವರ್ಷವಾಯಿತು. ಶೆಡ್ಡು ಮಗಳ ಕೈಗೆ ಬಂತು, ಮಗಳ ಜೊತೆಗೆ ಅಳಿಯನ ಕೈಗೂ ಬಂತು. ಅಳಿಯ ಮೊದಲು ದೋಣಿ ಕಟ್ಟುವ ಕಡೆ ರಾಳ ಬಳಿಯುವ ಕೆಲಸದಲ್ಲಿದ್ದವನು. ಅದು ಎರಡು ದಿನದ ಪ್ರಯಾಣದಷ್ಟು ದೂರದ ಊರು. ಆ ದೂರವನ್ನು ದುರ್ಬೀನಮ್ಮ ಒಂದು ದಿನವೂ ಮರೆತವಳಲ್ಲ. ಇವನು ಇಲ್ಲಿ ನಿಲ್ಲುವ ಆಸಾಮಿಯಲ್ಲ, ಒಂದಲ್ಲ ಒಂದು ದಿನ ಮಗಳನ್ನು ಕಟ್ಟಿಕೊಂಡು ಹೊರಡುತ್ತಾನೆ ಎಂದು ಮದುವೆಯ ದಿನವೇ ಲೆಕ್ಕ ಹಾಕಿದ್ದಳು.

ಅಳಿಯ ಬಂದವನೇ ಒಂದು ಹೊಸ ವಿದ್ಯೆ ತಂದ. ಫಲ ಬಿಡುವುದು ನಿಂತ ಮುದಿ ತಾಳೆಮರಗಳನ್ನು ಜನ ಕಡಿದು ಬಿಸಾಡುತ್ತಾರಲ್ಲ, ಅದರಿಂದ ಹಲಗೆ ಮಾಡುವುದು. ತಾಳೆಮರದ ಹೊರಮೈ ಕಬ್ಬಿಣದ ಹಾಗೆ. ಒಳಗೆ ಬೆರಳಿಟ್ಟು ಒತ್ತಿದರೆ ಬ್ರೆಡ್ಡಿನ ಹಾಗೆ ಕುಸಿಯುತ್ತದೆ. ಆ ಮೆದು ಭಾಗವನ್ನು ಕೊಯ್ದು, ಒಣಗಿಸಿ, ಮುಚ್ಚಳವಿರುವ ಟ್ಯಾಂಕಿನಲ್ಲಿ ಮಲಗಿಸಿ, ಪಂಪಿನಿಂದ ಗಾಳಿಯನ್ನೆಲ್ಲ ಎಳೆದು ತೆಗೆದು, ಆಮೇಲೆ ರಾಳ ಬಿಟ್ಟರೆ ಗಾಳಿಯಿದ್ದ ಜಾಗಕ್ಕೆಲ್ಲ ರಾಳ ನುಗ್ಗುತ್ತದೆ. ಹೊರತೆಗೆದು ದೊಡ್ಡ ಓವನ್ನಿನಲ್ಲಿ ರಾತ್ರಿಯಿಡೀ ಬೇಯಿಸಿದರೆ ರಾಳ ಗಟ್ಟಿಯಾಗಿ ಮೆದು ಮರವೂ ಕಲ್ಲಾಗುತ್ತದೆ. ಗೆದ್ದಲು ಹಲ್ಲೂರುವುದಿಲ್ಲ, ನೀರು ಇಳಿಯುವುದಿಲ್ಲ.

"ಹುಲ್ಲಿನ ಹೊರೆ ಇದ್ದ ಹಾಗೆ ಈ ಮರ," ಎಂದು ಅವನು ಗರಗಸದವನಿಗೆ ವಿವರಿಸುತ್ತಿದ್ದ. ಗರಗಸದವನೆಂದರೆ ಗಂಡನ ಕಾಲದಿಂದ ಇದ್ದ ಹಳೆಯ ಆಳು, ಬಾಯಿ ತುಂಬ ತಮಾಷೆ. "ಕಪ್ಪು ನಾರಿದೆಯಲ್ಲ, ಅದೆಲ್ಲ ಉದ್ದಕ್ಕೆ ಕೊಳವೆ. ರಾಳ ಪಕ್ಕದಿಂದ ಹೋಗಲ್ಲ, ಎರಡು ತುದಿಯಿಂದಲೇ ಹೋಗಬೇಕು."

ದುರ್ಬೀನಮ್ಮ ಅಲ್ಲೇ ನಿಂತಿದ್ದಳು. ಆದರೆ ಮಾತು ಕೇಳಲಿಲ್ಲ. ಅವಳು ಅವನ ಕೈ ನೋಡುತ್ತಿದ್ದಳು.

ಶೆಡ್ಡಿನ ಗೋಡೆಯಲ್ಲಿ ಗಂಡನ ಕಾಲದ ಕಪ್ಪು ಹಲಗೆಯೊಂದಿತ್ತು. ಯಾವ ಕೆಲಸ ಯಾರದು ಎಂದು ಸೀಮೆಸುಣ್ಣದಲ್ಲಿ ಬರೆಯುವ ರೂಢಿ. ಈಗ ಅದರ ಮೇಲೆ ಕೊಯ್ಯೋದು ಗರಗಸದವನು, ಒಣಗಿಸೋದು ಮಗಳು, ಟ್ಯಾಂಕು ಅಳಿಯ, ಓವನ್ನು ಅಳಿಯ, ತೂಕ ಮಗಳು ಎಂದಿತ್ತು. ದುರ್ಬೀನಮ್ಮನ ಹೆಸರಿನಲ್ಲಿ ಏನೂ ಇರಲಿಲ್ಲ. ಗಂಡನ ಕಾಲದಲ್ಲೂ ಇರಲಿಲ್ಲ. ಹಾಗಂತ ಅವಳು ಸುಮ್ಮನೆ ಕೂತವಳೇ? ಎಲ್ಲರೂ ಊಟಕ್ಕೆದ್ದ ಮೇಲೆ ಶೆಡ್ಡನ್ನು ಒಂದು ಸುತ್ತು ಹಾಕುವಳು. ಹೊಟ್ಟು ಗುಡಿಸುವಳು, ಉಳಿಗಳನ್ನು ಎಣಿಸಿಡುವಳು, ಒರಗಿಸಿಟ್ಟ ಹಲಗೆಗಳ ತುದಿಗೆ ಮೇಣ ತಿಕ್ಕುವಳು, ಚಿಲಕವನ್ನು ಎರಡು ಸಲ ಎಳೆದು ನೋಡುವಳು. ಅದೆಲ್ಲ ಮನೆಗೆಲಸದ ಬಾಲ. ಬಾಲವನ್ನು ಯಾರು ಹಲಗೆಯ ಮೇಲೆ ಬರೆಯುತ್ತಾರೆ!

ಊರಿನ ಹೊಸ ಹೆರಿಗೆ ಆಸ್ಪತ್ರೆಯವರು ಮೆಟ್ಟಿಲುಗಳಿಗೆ ಇಂಥ ಹಲಗೆ ಬೇಕೆಂದರು. ಆ ಕಟ್ಟಡದ ಎಂಜಿನಿಯರಮ್ಮ ಒಂದು ದಿನ ಬಂದು, ಸಾಲಿನಿಂದ ತಾನೇ ಒಂದು ಹಲಗೆ ಆರಿಸಿ, ಎರಡು ಇಟ್ಟಿಗೆ ರಾಶಿಗಳ ನಡುವೆ ಅಡ್ಡ ಹಾಕಿಸಿ, ನಡುವೆ ಮರಳಿನ ಮೂಟೆ ಹೇರಿಸಿದಳು. ಮೂರನೆಯ ಮೂಟೆಗೇ ಹಲಗೆ ಲಟ್ಟೆಂದಿತು. ಒಳಗೆ ನೋಡಿದರೆ ಅದೇ ಬ್ರೆಡ್ಡು. ರಾಳದ ಸುಳಿವೇ ಇಲ್ಲ.

"ತುಂಬಿದ ಬಸುರಿ ಹತ್ತೋ ಮೆಟ್ಟಿಲು ಇದು," ಎಂದಳು ಎಂಜಿನಿಯರಮ್ಮ. "ಇನ್ನೊಂದು ಸಲ ನೋಡ್ತೀನಿ. ಮೂರನೇ ಸಲ ಬರಲ್ಲ." ಮೂರು ವಾರ ಬಿಟ್ಟು ಶುಕ್ರವಾರ ಬೆಳಿಗ್ಗೆ ಎಂದು ದಿನವನ್ನೂ ಗೊತ್ತು ಮಾಡಿ ಹೋದಳು.

ಅಲ್ಲಿಯವರೆಗೆ ಒಂದೆರಡನ್ನಷ್ಟೇ ತೂಗುತ್ತಿದ್ದವರು ಅಲ್ಲಿಂದ ಪ್ರತಿ ಹಲಗೆಯನ್ನೂ ತೂಗತೊಡಗಿದರು. ಟ್ಯಾಂಕಿಗೆ ಹೋಗುವಾಗ ನಾಲ್ಕು ಕಿಲೋ ಇದ್ದದ್ದು ರಾಳ ಕುಡಿದು ಆರೂವರೆಯಾಗಿ ಬರಬೇಕು. ಕೆಲವು ಹಾಗೇ ಬಂದವು. ಕೆಲವು ಹೋದ ಹಾಗೇ ನಾಲ್ಕಕ್ಕೇ ಮುಷ್ಟಿಯಷ್ಟು ಸೇರಿಸಿಕೊಂಡು ಬಂದವು. ಮರ ಒಂದೇ, ಟ್ಯಾಂಕು ಒಂದೇ, ರಾಳವೂ ಒಂದೇ. ಅಳಿಯ ಪಂಪು ಬಿಚ್ಚಿದ, ಜೋಡಿಸಿದ. ಮುಚ್ಚಳದ ರಬ್ಬರು ಎರಡು ಸಲ ಬದಲಿಸಿದ.

"ಪರೀಕ್ಷೆ ಬಿದ್ದರೆ ಇದು ನಿಂತ ಹಾಗೇ," ಎಂದು ಒಂದು ಊಟದ ಹೊತ್ತಿನಲ್ಲಿ ಮಗಳೇ ಬಾಯಿಬಿಟ್ಟಳು. "ಟ್ಯಾಂಕು ವಾಪಸ್ ಕೊಟ್ಟು ಶೆಡ್ಡಿಗೆ ಬೀಗ ಹಾಕಬೇಕು. ಇವರು ಮತ್ತೆ ದೋಣಿ ಕೆಲಸಕ್ಕೆ ಹೋಗ್ತಾರೆ. ಇವರು ಹೋದರೆ ನಾನಿಲ್ಲಿ ಇದ್ದು ಏನು ಮಾಡಲಿ ಅಮ್ಮಾ?"

ದುರ್ಬೀನಮ್ಮನ ತಲೆಯಲ್ಲಿ ದೀಪ ಹತ್ತಿತು. ಇದೋ ಸಂಗತಿ! ಹಲಗೆ ಕೆಡುತ್ತಿಲ್ಲ, ಇವನೇ ಕೆಡಿಸುತ್ತಿದ್ದಾನೆ. ಬೇಕಂತಲೇ ಪರೀಕ್ಷೆ ಬೀಳಿಸಿ, ಶೆಡ್ಡಿಗೆ ಬೀಗ ಜಡಿಸಿ, ಯಾರ ಮೇಲೂ ತಪ್ಪು ಬಾರದ ಹಾಗೆ ಮಗಳನ್ನು ಎಳೆದುಕೊಂಡು ಹೋಗುವ ಹುನ್ನಾರ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಕೆಲಸ ಮುಗಿಸುತ್ತಾನೆ.

ಅಂದಿನಿಂದ ಅವಳಿಗೆ ಕಂಡದ್ದೆಲ್ಲ ಸಾಕ್ಷಿ. ಅವನು ಪಂಪು ಬಿಚ್ಚಿದರೆ ಅದು ಕೆಡಿಸಲಿಕ್ಕೆ. ರಾಳದ ಪೀಪಾಯಿಗೆ ಕೋಲು ಅದ್ದಿ ನೋಡಿದಳು. ಒಂದು ಗೇಣು ಇಳಿಯಬೇಕಿದ್ದ ರಾಳ ಬೆರಳಷ್ಟೂ ಇಳಿದಿರಲಿಲ್ಲ. ಹಲಗೆ ಕುಡಿಯಲಿಲ್ಲವಾದ್ದರಿಂದ ರಾಳ ಉಳಿಯಿತು ಎಂದು ಬೇರೆಯವರಾದರೆ ತಿಳಿಯುತ್ತಿದ್ದರು. ಇವಳು ಏನೋ ತೆಳ್ಳಗಿನದನ್ನು ಸುರಿದು ತುಂಬಿಸಿಟ್ಟಿದ್ದಾನೆ ಎಂದು ತಿಳಿದಳು. ಒಂದು ಬೆಳಿಗ್ಗೆ ಓವನ್ನಿನ ತಟ್ಟೆಯ ಮೇಲೆ ಒಣಗಿದ ಜಿಡ್ಡಿನ ಹನಿಗಳು ಕಂಡವು. ನೋಡಿದೆಯಾ, ರಾಳಕ್ಕೆ ಎಣ್ಣೆ ಬೆರೆಸಿದ್ದಾನೆ! ಇನ್ನೊಂದು ದಿನ ಪಂಪಿನ ವಾಲ್ವಿಗೆ ಕೂದಲಿನಂಥ ತಂತಿ ಸುತ್ತಿದ್ದು ಕಂಡಿತು. ಅದೇನೆಂದು ತಿಳಿಯಲಿಲ್ಲ. ತಿಳಿಯದ್ದರಿಂದ ಅನುಮಾನ ಇನ್ನೂ ಗಟ್ಟಿಯಾಯಿತು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅಂತ ಸುಮ್ಮನೆ ಹೇಳುತ್ತಾರೆಯೇ.

ಮಂಗಳವಾರ ಬೆಳಿಗ್ಗೆ ಮಗಳನ್ನು ಅಡುಗೆಮನೆಗೆ ಕರೆದು, ಬಾಗಿಲು ಮುಂದೆ ಮಾಡಿ, ಒಂದೊಂದಾಗಿ ಹೇಳಿದಳು. ಮಗಳ ಮುಖ ಸಣ್ಣದಾಯಿತು.

"ಅಮ್ಮಾ, ನೀನು ಚಿಕ್ಕಮ್ಮನ ಮನೆಗೆ ಹೋಗಿ ಹತ್ತು ದಿನ ಇದ್ದೆಯಲ್ಲ, ಆಗ ಒಂದೇ ಒಂದು ಹಲಗೆ ಕೆಡಲಿಲ್ಲ."

"ಮತ್ತೆ! ನಾನಿಲ್ಲದಾಗ ಚೆನ್ನಾಗಿ ಮಾಡಿ ನಿನ್ನನ್ನ ನಂಬಿಸ್ತಾನೆ. ನಾನು ಬಂದ ಮೇಲೆ ಕೆಡಿಸಿದರೆ ನನ್ನ ಕಾಲ್ಗುಣ ಅಂತ ಆಗುತ್ತಲ್ಲ!"

ಮಗಳಿಗೆ ನಗು ಬರಬೇಕಿತ್ತು, ಬರಲಿಲ್ಲ. ಒಂದು ವಾರದಿಂದ ನಿದ್ದೆಗೆಟ್ಟವಳಿಗೆ ಅನುಮಾನ ಬೇಗ ಅಂಟುತ್ತದೆ. "ಈಗೇನು ಮಾಡಬೇಕು ಅಂತೀಯ?" ಎಂದಳು.

"ಈ ಸಲದ ಹನ್ನೆರಡು ಹಲಗೆಗೆ ನಾನು ಕಾವಲು. ಅವನು ಹತ್ತಿರ ಸುಳೀಬಾರದು. ಪಂಪು ನೀನೇ ಹಾಕು, ಓವನ್ನು ನೀನೇ ಹಾಕು. ಆಗ ಗೊತ್ತಾಗುತ್ತೆ ಯಾರ ಕೈ ಎಂಥದು ಅಂತ."

ಬಾಗಿಲ ಆಚೆಯೇ ಅಳಿಯ ನೀರು ಕುಡಿಯಲು ಬಂದು ನಿಂತಿದ್ದ. ಇದೆಲ್ಲ ಕಿವಿಗೆ ಬಿತ್ತು. ಲೋಟ ಇಟ್ಟು ಒಳಗೆ ಬಂದ.

"ಆಗಲಿ ಅತ್ತೆ," ಎಂದ. "ಈ ಸಲ ನಾನು ಮುಟ್ಟಲ್ಲ."

ದುರ್ಬೀನಮ್ಮ ಅವನೊಂದಿಗೆ ನೇರವಾಗಿ ಮಾತಾಡುವುದು ಸಿಟ್ಟು ಬಂದಾಗ ಮಾತ್ರ. "ಮುಟ್ಟದಿದ್ದರೆ ಒಳ್ಳೇದು ಅಳಿಯಂದ್ರೇ," ಎಂದಳು. ಅವನು ಹೆಂಡತಿಯ ಮುಖ ನೋಡಿದ. ಹೆಂಡತಿ ಒಲೆಯ ಕಡೆ ನೋಡಿದಳು. ಅವನು ಹೊರಗೆ ಹೋಗಿ, ಎರಡು ದಿನ ಶೆಡ್ಡಿನ ಹೊಸ್ತಿಲು ದಾಟಲಿಲ್ಲ. ಅಂಗಳದಲ್ಲಿ ಹಳೆಯ ಕುರ್ಚಿಗಳಿಗೆ ಕಾಲು ಕೂರಿಸುತ್ತ ಕೂತ.

ದುರ್ಬೀನಮ್ಮ ಮಂಗಳವಾರವೇ ಕಾವಲು ಶುರು ಮಾಡಿದಳು. ಒಣಗಿದ ಹನ್ನೆರಡು ಹಲಗೆಗಳನ್ನು ಗೋಡೆಗೆ ಒರಗಿಸಿ, ಎದುರಿಗೆ ಮಣೆ ಹಾಕಿ ಕೂತಳು. ಶೆಡ್ಡು ಉಳಿಯುವುದು, ಮಗಳು ಉಳಿಯುವುದು ಈ ಹನ್ನೆರಡರ ಮೇಲೆ. ಮಕ್ಕಳ ಕಿವಿ ತಿಕ್ಕಿದ ಹಾಗೆ ಅವುಗಳ ಮೈ ಒರೆಸಿದಳು. ಸಂಜೆ ಸೊಂಟದ ಚೀಲದಿಂದ ಮೇಣದ ಉಂಡೆ ತೆಗೆದಳು. ಹುಳು ಬಾರದಿರಲೆಂದು ಲವಂಗದ ಎಣ್ಣೆ ಬೆರೆಸಿ ತಾನೇ ಕಟ್ಟುತ್ತಿದ್ದ ಉಂಡೆ ಅದು. ಕೊಯ್ದ ಮರದ ತುದಿ ಬಿಟ್ಟರೆ ಸೀಳು ಬಿಡುತ್ತೆ, ಮುಚ್ಚಿಬಿಡು ಎಂದು ಮದುವೆಯಾದ ವರ್ಷ ಗಂಡ ಹೇಳಿದ್ದ. ಹೇಳಿದ್ದು ಒಂದೇ ಸಲ. ಅವಳಿಗೆ ಎರಡನೆಯ ಸಲ ಹೇಳಬೇಕಾಗಿರಲಿಲ್ಲ. ದಿನಾ ಒಂದು ಕೈ ಆಡಿಸುತ್ತಿದ್ದವಳು ಅಂದು ಎರಡೆರಡು ಕೈ ತಿಕ್ಕಿದಳು, ಹೆಬ್ಬೆರಳಿನಿಂದ ಒತ್ತಿ ಒತ್ತಿ ನಯ ಮಾಡಿದಳು. ಕಪ್ಪು ಚುಕ್ಕೆಗಳ ತುದಿಯ ಮೇಲೆ ಆ ತೆಳು ಮೇಣ ಕಣ್ಣಿಗೆ ಕಾಣುತ್ತಲೂ ಇರಲಿಲ್ಲ.

ಬುಧವಾರ ಮಗಳು ಹಲಗೆಗಳನ್ನು ಟ್ಯಾಂಕಿನಲ್ಲಿ ಮಲಗಿಸಿ ಪಂಪು ಹಾಕಿದಳು. ಆಮೇಲೆ ರಾಳ ಬಿಟ್ಟಳು. ಮುಚ್ಚಳದಲ್ಲಿ ಅಂಗೈಯಗಲದ ಗಾಜಿನ ಕಿಂಡಿ. ದುರ್ಬೀನಮ್ಮ ಅದಕ್ಕೆ ಕಣ್ಣಿಟ್ಟಳು. ಒಳಗೆ ಹಲಗೆಗಳು ತಣ್ಣಗೆ ಮಲಗಿದ್ದವು. ರಾಳ ಅಲುಗುತ್ತಲೂ ಇರಲಿಲ್ಲ.

"ನೋಡೇ, ಎಷ್ಟು ಸಮಾಧಾನವಾಗಿವೆ," ಎಂದಳು ಹೆಮ್ಮೆಯಿಂದ. "ಕೈ ಶುದ್ಧ ಇದ್ದರೆ ಮರಕ್ಕೂ ಗೊತ್ತಾಗುತ್ತೆ."

ಮಗಳು ಎಂದೂ ಆ ಕಿಂಡಿಯಲ್ಲಿ ನೋಡಿದವಳಲ್ಲ. ಅದು ಗಂಡನ ಕೆಲಸ. ಹೂಂ ಎಂದಳು.

ಗುರುವಾರ ಬೆಳಿಗ್ಗೆ ಓವನ್ನು ತೆರೆಯುವಾಗ ಎಲ್ಲರೂ ಸೇರಿದ್ದರು. ಗರಗಸದವನು ಚಹಾ ಹಿಡಿದು ನಿಂತಿದ್ದ. ಅಳಿಯ ಹೊಸ್ತಿಲಿನ ಆಚೆಯೇ ನಿಂತಿದ್ದ. ಮಗಳು ಬಾಗಿಲು ಎಳೆದು, ಬಟ್ಟೆಯಲ್ಲಿ ಹಿಡಿದು ಮೊದಲ ಹಲಗೆಯನ್ನು ತಕ್ಕಡಿಗೆ ಹಾಕಿದಳು. ನಾಲ್ಕು ಕಿಲೋ ನೂರು ಗ್ರಾಂ. ಎರಡನೆಯದು ನಾಲ್ಕು ಕಿಲೋ ಎಂಬತ್ತು. ಮೂರನೆಯದು, ನಾಲ್ಕನೆಯದು. ಹನ್ನೆರಡಕ್ಕೆ ಹನ್ನೆರಡೂ ಹಾಗೇ. ಈವರೆಗೆ ಕೆಟ್ಟವುಗಳಲ್ಲೆಲ್ಲ ಇವೇ ಹೆಚ್ಚು ಕೆಟ್ಟಿದ್ದವು.

"ಇದೇನಮ್ಮಾ," ಎಂದ ಗರಗಸದವನು, "ಬೇಲಿನೇ ಎದ್ದು ಹೊಲ ಮೇಯ್ತಾ?" ತಮಾಷೆಗೆ ಅಂದದ್ದು. ಯಾರೂ ನಗದಿದ್ದಾಗ ಅವನೂ ಚಹಾದ ಲೋಟ ಕೆಳಗಿಟ್ಟ.

ಮಗಳು ಹೊಟ್ಟಿನ ರಾಶಿಯ ಮೇಲೆ ಕುಸಿದು ಕೂತಳು. "ನೀವು ಹತ್ತಿರಾನೂ ಬಂದಿಲ್ಲ," ಎಂದಳು ಗಂಡನಿಗೆ. ಅಳು ಬಂತು.

ದುರ್ಬೀನಮ್ಮ ಓವನ್ನಿನ ಬಾಗಿಲಲ್ಲೇ ನಿಂತಿದ್ದಳು. ಒಳಗಿನ ಬಿಸಿ ಗಾಳಿ ಮುಖಕ್ಕೆ ಬಡಿಯುತ್ತಿತ್ತು. ಅದರ ಜೊತೆ ಒಂದು ವಾಸನೆ ಬಂತು. ಲವಂಗ. ಅವಳು ಬಗ್ಗಿ ನೋಡಿದಳು. ಕೆಳಗಿನ ತಟ್ಟೆಯಲ್ಲಿ ಜಿಡ್ಡಿನ ಹನಿಗಳು ಇನ್ನೂ ಆರದೆ ಮಿನುಗುತ್ತಿದ್ದವು. ಒಂದನ್ನು ಬೆರಳಿಗೆ ತೆಗೆದುಕೊಂಡು ಹೆಬ್ಬೆರಳಿಗೆ ತಿಕ್ಕಿದಳು. ತಣ್ಣಗಾಗುತ್ತ ಅದು ಮೇಣವಾಯಿತು. ನಲವತ್ತು ವರ್ಷದಿಂದ ಆ ಎರಡು ಬೆರಳಿಗೆ ಅಂಟಿಕೊಂಡೇ ಇದ್ದ ಮೇಣ. ರಾಳ ತುದಿಯಿಂದಲೇ ಹೋಗಬೇಕು ಎಂದು ಅಳಿಯ ಅಂದು ಹೇಳಿದ ಮಾತು, ಕೇಳಲಿಲ್ಲವೆಂದುಕೊಂಡದ್ದು, ಕಿವಿಯಲ್ಲೇ ಎಲ್ಲೋ ಉಳಿದಿತ್ತು. ಅದು ಈಗ ಕೇಳಿಸಿತು.

ಅವಳ ಸಂಜೆಯ ಸುತ್ತಿಗೆ ಮೊದಲೇ ಟ್ಯಾಂಕು ಸೇರಿದ ಹಲಗೆಗಳಷ್ಟೇ ಆರೂವರೆ ತೂಗಿದ್ದವು.

"ಇರಲಿ ಬಿಡು, ಅಳಬೇಡ," ಎನ್ನುತ್ತಿದ್ದ ಅಳಿಯ. ಎರಡು ದಿನದ ಮೇಲೆ ಹೊಸ್ತಿಲು ದಾಟಿ ಬಂದಿದ್ದ. "ನಂಗೂ ಗೊತ್ತಾಗ್ತಿಲ್ಲ ಏನಾಗ್ತಿದೆ ಅಂತ. ಟ್ಯಾಂಕು ವಾಪಸ್ ಕಳಿಸೋಣ. ದೋಣಿ ಕಡೆಯವರಿಗೆ ಹೇಳಿ ಕಳಿಸ್ತೀನಿ."

ಬಾಯಿ ಮುಚ್ಚಿಕೊಂಡರೆ ಇದು ಇಲ್ಲಿಗೆ ಮುಗಿಯುತ್ತದೆ ಎಂದು ದುರ್ಬೀನಮ್ಮನಿಗೆ ಹೊಳೆಯಿತು. ಯಾರಿಗೂ ಗೊತ್ತಾಗುವುದಿಲ್ಲ. ತಟ್ಟೆಯನ್ನೊಮ್ಮೆ ಒರೆಸಿದರಾಯಿತು. ಅಳಿಯನ ಮೇಲೂ ತಪ್ಪಿಲ್ಲ, ಅವಳ ಮೇಲೂ ಇಲ್ಲ. ಮರ ಕೆಟ್ಟದ್ದು, ಅಷ್ಟೇ. ಆದರೆ ಮಗಳು ಹೋಗುತ್ತಾಳೆ. ತಪ್ಪೊಪ್ಪಿಕೊಂಡರೆ ಈ ಮುಖ ಎಲ್ಲಿ ಇಟ್ಟುಕೊಳ್ಳುವುದು? ತಟ್ಟೆ ಒರೆಸಲೆಂದು ಕೈಯಲ್ಲಿ ಬಟ್ಟೆ ಹಿಡಿದದ್ದೂ ಹೌದು. ಇದನ್ನು ಅವಳ ಪರವಾಗಿ ಮುಚ್ಚಿಡುವ ಅಗತ್ಯವೇನಿಲ್ಲ.

ಬಟ್ಟೆ ಕೆಳಗೆ ಹಾಕಿ ತಿರುಗಿದಳು.

"ನಾನೇ," ಎಂದಳು.

"ನೀನೇ ಏನಮ್ಮಾ?"

"ನಾನೇ ಕೆಡಿಸಿದ್ದು. ಮೇಣ ಹಚ್ಚಿದ್ದೆ."

"ಯಾವ ಮೇಣ?" ಎಂದಳು ಮಗಳು.

ದುರ್ಬೀನಮ್ಮನಿಗೆ ತಪ್ಪೊಪ್ಪಿಕೊಳ್ಳುವುದಕ್ಕಿಂತ ಆ ಪ್ರಶ್ನೆ ಹೆಚ್ಚು ನೋವು ಕೊಟ್ಟಿತು. ಯಾವ ಮೇಣವಂತೆ! "ತುದಿಗೆ ಹಚ್ತೀನಲ್ಲ ಕಣೇ. ದಿನಾ ಸಂಜೆ. ನೀನು ಹುಟ್ಟೋಕೆ ಮೊದಲಿಂದ ಹಚ್ತೀನಿ."

ಮಗಳು ಗರಗಸದವನ ಕಡೆ ನೋಡಿದಳು. ಇಪ್ಪತ್ತೆಂಟು ವರ್ಷ ಅದೇ ಶೆಡ್ಡಿನಲ್ಲಿ ಮರ ಕೊಯ್ದವನು ತಲೆ ಆಡಿಸಿದ. "ನಂಗೂ ಗೊತ್ತಿಲ್ಲಮ್ಮಾ. ನಮ್ಮ ಮರ ಸೀಳಲ್ಲ, ಮರ ಒಳ್ಳೇದು ಅಂದ್ಕೊಂಡಿದ್ದೆ."

"ಯಾರು ಹೇಳಿದ್ರು ನಿಂಗೆ ಈ ಹಲಗೆಗೂ ಹಚ್ಚು ಅಂತ?" ಎಂದಳು ಮಗಳು.

"ಬೇಡ ಅಂತ ಯಾರು ಹೇಳಿದ್ರು?" ಎಂದಳು ದುರ್ಬೀನಮ್ಮ. ಗದರುವಂತೆಯೇ ಅಂದಳು.

ಅಳಿಯ ಮೂಲೆಗೆ ಹೋಗಿ, ಟ್ಯಾಂಕಿಗೆ ಹೋಗದೆ ಉಳಿದಿದ್ದ ಒಂದು ಹಲಗೆ ಎತ್ತಿ ತುದಿಯ ಮೇಲೆ ಉಗುರು ಎಳೆದ. ಉಗುರಿನಡಿ ಬಿಳಿ ಮೇಣ ಸುರುಳಿಯಾಗಿ ಎದ್ದಿತು. ಹಲಗೆ ಹಿಡಿದುಕೊಂಡೇ ಕೂತುಬಿಟ್ಟ. ಅವನು ಕೂಗಾಡುತ್ತಾನೆ ಎಂದು ಅವಳು ಕಾದಳು. ಕೂಗಾಡಿದ್ದರೆ ಚೆನ್ನಾಗಿತ್ತು.

"ಅತ್ತೆ," ಎಂದ. "ವಾಲ್ವಿಗೆ ತಂತಿ ಕಟ್ಟಿದ್ದು ನೋಡಿದ್ರಾ?"

"ನೋಡಿದ್ದೆ."

"ನಿಮಗೋಸ್ಕರ ಕಟ್ಟಿದ್ದು. ನಾನಿಲ್ಲದಾಗ ನೀವು ವಾಲ್ವು ಸಡಿಲ ಮಾಡ್ತೀರಿ, ನನ್ನ ಓಡಿಸೋಕೆ ಅಂತ ಅನುಮಾನ ಇತ್ತು. ತಂತಿ ಕಿತ್ತಿದ್ದರೆ ಸಿಕ್ಕಿಬೀಳ್ತೀರಿ ಅಂತ." ಅವನ ಮುಖ ಕೆಂಪಾಗಿತ್ತು. "ಕಿಂಡಿಯಲ್ಲಿ ಗುಳ್ಳೆ ಬರ್ತಿಲ್ಲ ಅಂತ ಕಂಡಾಗಲೇ ಹಲಗೆ ತುದಿ ನೋಡಬೇಕಿತ್ತು ನಾನು. ಮರ ನೋಡೋದು ಬಿಟ್ಟು ನಿಮ್ಮನ್ನ ನೋಡ್ತಾ ಕೂತೆ."

ಗರಗಸದವನು ಇಬ್ಬರನ್ನೂ ನೋಡಿ, "ಚೆನ್ನಾಗಿ ಜೋಡಿಯಾಗಿದೀರಿ," ಎಂದು, ಹೇಳಿದ್ದು ಹೆಚ್ಚಾಯಿತೇನೋ ಎಂದು ಗರಗಸದ ಸ್ವಿಚ್ಚು ಹುಡುಕಲು ಹೋದ.

ಮೂಲೆಯಲ್ಲಿ ಒಣಗಿದ ಒಂಬತ್ತು ಹಲಗೆಗಳಿದ್ದವು. ಕೊನೆಗೆ ಅಳತೆಗೆ ಕತ್ತರಿಸಲೆಂದು ಎಲ್ಲಕ್ಕೂ ನಾಲ್ಕು ಬೆರಳು ಹೆಚ್ಚು ಉದ್ದ ಬಿಟ್ಟಿದ್ದರು. ಎರಡೂ ಕಡೆ ಎರಡೆರಡು ಬೆರಳು ಕೊಯ್ದು ಹಾಕಿದರು. ಹೊಸ ತುದಿ ಬಂತು. ಮಧ್ಯಾಹ್ನವೇ ಟ್ಯಾಂಕಿಗೆ ಹಾಕಿ ಪಂಪು ಚಾಲೂ ಮಾಡಿ ರಾಳ ಬಿಟ್ಟಾಗ ಅಳಿಯ ಕಿಂಡಿಯಿಂದ ಪಕ್ಕಕ್ಕೆ ಸರಿದು, "ಅತ್ತೆ, ಬನ್ನಿ," ಎಂದ.

ದುರ್ಬೀನಮ್ಮ ನೋಡಿದಳು. ಪ್ರತಿ ಹಲಗೆಯ ತುದಿಯಿಂದ ಗುಳ್ಳೆಗಳು ಅನ್ನ ಕುದಿದ ಹಾಗೆ ತಳತಳ ಎದ್ದು ಬರುತ್ತಿದ್ದವು. ಮರದೊಳಗೆ ಅಷ್ಟೊಂದು ಗಾಳಿ ಇರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ಸೊಂಟ ನೋಯುವವರೆಗೂ ಬಗ್ಗಿ ನಿಂತಿದ್ದಳು.

ಶುಕ್ರವಾರ ಬೆಳಿಗ್ಗೆ ಒಂಬತ್ತೂ ಆರೂವರೆ ದಾಟಿದವು. ಮೊದಲನೆಯದನ್ನು ದುರ್ಬೀನಮ್ಮ "ಇನ್ನೊಂದು ಸಲ ಹಾಕು" ಎಂದು ಮೂರು ಸಲ ತೂಗಿಸಿದಳು. ಎಂಜಿನಿಯರಮ್ಮ ಬಂದಳು, ನಡುವಿನಿಂದ ಒಂದನ್ನು ತಾನೇ ಎಳೆದಳು. ಮೂರು ಮೂಟೆ, ಐದು ಮೂಟೆ, ಎಂಟು ಮೂಟೆ. ಹಲಗೆ ಮಿಸುಕಲಿಲ್ಲ. ಕೊನೆಗೆ ಗರಗಸದವನನ್ನೂ ಮೂಟೆಗಳ ಮೇಲೆ ಹತ್ತಿಸಿದಳು. ಅವನು ಮೇಲಿನಿಂದಲೇ, "ನಾನು ತೂಕದ ಮನುಷ್ಯ ಅಂತ ಈಗಲಾದರೂ ಒಪ್ಪಿಕೊಳ್ಳಿ," ಎಂದ. ಮುಂದಿನ ವಾರದಿಂದ ಮೆಟ್ಟಿಲು ಹಲಗೆಗಳನ್ನು ಕಳಿಸಿ ಎಂದು ಹೇಳಿ ಅವಳು ಹೊರಟಳು. ಮಗಳು ಗಂಡನ ತೋಳು ಹಿಡಿದುಕೊಂಡು ಬಹಳ ಹೊತ್ತು ಬಿಡಲಿಲ್ಲ. ಅಡುಗೆಮನೆಯಲ್ಲಿ ಒಲೆಯ ಕಡೆ ತಿರುಗಿಸಿದ್ದ ಮುಖದ ಲೆಕ್ಕ ಅವರಿಬ್ಬರೇ ಕೂತು ತೀರಿಸಿಕೊಳ್ಳಬೇಕಾದದ್ದು.

ಅಂದು ಸಂಜೆ ಎಲ್ಲರೂ ಊಟಕ್ಕೆದ್ದ ಮೇಲೆ ದುರ್ಬೀನಮ್ಮ ಎಂದಿನಂತೆ ಶೆಡ್ಡಿಗೆ ಹೋದಳು. ಹೊಟ್ಟು ಗುಡಿಸಿದಳು, ಉಳಿ ಎಣಿಸಿದಳು. ಆಗ ಕಪ್ಪು ಹಲಗೆ ಕಣ್ಣಿಗೆ ಬಿತ್ತು. ಒಣಗಿಸೋದು, ಟ್ಯಾಂಕು, ಈ ಎರಡರ ನಡುವೆ ಇಕ್ಕಟ್ಟಿನಲ್ಲಿ ಒಂದು ಹೊಸ ಸಾಲು. ಅಳಿಯನ ಕೈಬರಹ. "ತುದಿ ನೋಡೋದು, ಅತ್ತೆ."

ಹಂಗಿಸಲಿಕ್ಕೆ ಬರೆದನೋ ಎಂದು ಮೊದಲು ಅನಿಸಿತು. ಎರಡು ಸಲ ಓದಿದಳು. ಹಾಗೆ ಕಾಣಲಿಲ್ಲ.

ನಲವತ್ತು ವರ್ಷದಲ್ಲಿ ಆ ಹಲಗೆಯ ಮೇಲೆ ಗಂಡ ಎಷ್ಟೋ ಜನರ ಹೆಸರು ಬರೆದು ಅಳಿಸಿದ್ದ, ವಾರಕ್ಕೆಂದು ಬಂದ ಕೂಲಿಯವರದನ್ನೂ ಬರೆದಿದ್ದ. ಅವಳದನ್ನು ಬರೆದಿರಲಿಲ್ಲ. ಮೇಣ ಹಚ್ಚು ಎಂದು ಒಂದೇ ಸಲ ಹೇಳಿದ್ದ. ಆಮೇಲೆ ಮೇಣ ತರುತ್ತಿದ್ದವಳೂ ಅವಳೇ, ಕರಗಿಸಿ ಉಂಡೆ ಕಟ್ಟುತ್ತಿದ್ದವಳೂ ಅವಳೇ. ಅವನಿಗಾದರೂ ಗೊತ್ತಿತ್ತೇ? ಅಥವಾ ಅವನೂ ಮರ ಒಳ್ಳೆಯದು ಎಂದುಕೊಂಡೇ ಹೋದನೇ? ಅವನು ತೀರಿಕೊಂಡ ಮೇಲೆ ಮೊದಲ ಬಾರಿ ಅವಳಿಗೆ ಗಂಡನ ಮೇಲೆ ಅನುಮಾನ ಬಂತು, ಕೇಳೋಣವೆಂದರೆ ಅವನಿರಲಿಲ್ಲ.

ಅವಳು ದೀಪ ಹತ್ತಿರ ಎಳೆದುಕೊಂಡು, ನಾಳೆಯ ಹಲಗೆಗಳ ತುದಿಯ ಮೇಲೆ ಒಂದೊಂದಾಗಿ ಉಗುರು ಎಳೆದು ನೋಡತೊಡಗಿದಳು.